ಹೊಂದದ ಸಾಲು

ಅಮ್ಮಾನಿನ ಐದನೇ ಮಹಡಿಯಲ್ಲಿ ನನ್ನ ಮೇಜು.
ಕೆಳಗೆ ಗ್ಯಾಸು ಮಾರುವ ಲಾರಿ
ದಿನಾ ಅದೇ ಸವೆದ ಪಿಯಾನೋ ರಾಗ ಎಳೆದುಕೊಂಡು ಹೋಗುತ್ತದೆ.
ಹೊಂದದ್ದನ್ನು ಹುಡುಕುವುದು ನನ್ನ ಕೆಲಸ.

ಒಂದೂವರೆ ಗಂಟೆಯ ದಾರಿ, ಮರಳಿನ ಮೇಲೊಂದು ಶಿಬಿರ.
ಅಲ್ಲಿನ ಅಂಗಡಿಯಲ್ಲಿ ಚೀಟಿಯಿಲ್ಲ, ಚಿಲ್ಲರೆಯಿಲ್ಲ.
ಗಡಿ ದಾಟಿ ಬಂದವರು
ಗೋಡೆಯ ಕಪ್ಪು ಪೆಟ್ಟಿಗೆಗೆ ಕಣ್ಣು ಕೊಟ್ಟು
ರೊಟ್ಟಿ ಒಯ್ಯುತ್ತಾರೆ.
ಬಂದ ರಾತ್ರಿಯೇ ಕೇಳಿದ್ದರಂತೆ, ಒಪ್ಪಿಗೆಯೇ ಅಂತ.
ರೆಪ್ಪೆ ತುಂಬ ಧೂಳು, ಕಂಕುಳಲ್ಲಿ ಕೂಸು.
ಒಪ್ಪದಿದ್ದರೆ ಏನೆಂದು ಕಾಗದದಲ್ಲಿ ಇರಲಿಲ್ಲ.
ಹಸಿದವರ ಹೂಂ
ಎಷ್ಟು ಹೂಂ?

ನನ್ನವರೆಗೆ ಬರುವುದು ಸಾಲುಗಳು ಮಾತ್ರ.
ಹೆಸರಿಲ್ಲ, ಅಂಕಿಯಿದೆ.
ತರಬೇತಿಯಲ್ಲಿ ಇದನ್ನು ಮರ್ಯಾದೆ ಅಂದಿದ್ದರು.

ಗುರುವಾರ ಒಂದು ಸಾಲು ಕೆಂಪಾಯಿತು.
ಗಂಡಸು. ಇಪ್ಪತ್ತಾರು. ಒಂಟಿ.
ಕೊಂಡದ್ದು: ಸೋಂಪು, ನರೆಗೂದಲಿಗೆ ಹಚ್ಚುವ ಮೆಹಂದಿ,
ಹಲ್ಲಿಲ್ಲದವರು ತಿನ್ನುವಂಥ ಮೆತ್ತನೆ ಚೀಸು.
ತನಗೆಂದು
ಒಂದು ಪೊಟ್ಟಣ ಸೂರ್ಯಕಾಂತಿ ಬೀಜ.
ಇಡೀ ತಿಂಗಳಿಗೆ.

ತನ್ನ ಪಾಲನ್ನು ಇನ್ನೊಬ್ಬರಿಗೆ ಕೊಡುವುದು
ನಿಯಮದ ಪ್ರಕಾರ ಕಳ್ಳತನ.

ಹಿಂದಕ್ಕೆ ಸರಿಸಿ ನೋಡಿದೆ.
ಪ್ರತಿ ಸಲವೂ ಅವನಿಗಿಂತ ನಲವತ್ತು ಸೆಕೆಂಡು ಮುಂಚೆ
ಬೇರೊಂದು ಕಣ್ಣು ಪೆಟ್ಟಿಗೆಯ ಮುಂದೆ ನಿಂತಿದೆ.
ಗುರುತು ಸಿಗಲಿಲ್ಲ.
ಗುರುತು ಸಿಗಲಿಲ್ಲ.
ಮೂರನೆಯ ಸಲವೂ ಅದೇ.

ಆಸ್ಪತ್ರೆಯ ಕಡತ ನನ್ನದಲ್ಲ, ನೋಡಬಾರದಿತ್ತು.
ಒಂದು ಕ್ಲಿಕ್ಕಿಗೆ ತೆರೆದುಕೊಳ್ಳುವುದನ್ನು
ಬಾಗಿಲೆಂದು ಹೇಗೆ ಕರೆಯಲಿ?
ನೋಡಿದೆ.
ನಜ್ಮಿಯ್ಯಾ, ಎಪ್ಪತ್ತೊಂದು, ದರಾ ಕಡೆಯವಳು.
ಹೋದ ತಿಂಗಳು ಎರಡೂ ಕಣ್ಣಿನ ಪೊರೆ ತೆಗೆದಿದ್ದಾರೆ.
ಈಗ ಅವಳಿಗೆ ಲೋಕ ಕಾಣುತ್ತದೆ,
ಲೋಕಕ್ಕೆ ಅವಳು ಕಾಣಿಸುತ್ತಿಲ್ಲ.

ಅವನ ಹೆಸರನ್ನು ಮಾತ್ರ ತೆರೆಯಲಿಲ್ಲ.
ಅಷ್ಟಾದರೂ ಅವನದಾಗಿ ಉಳಿಯಲಿ.
ಆದರೂ ಗೊತ್ತಿದೆ ನನಗೆ, ಅವನು ಬೀಜ ಬಿಡಿಸುತ್ತ
ಮುದುಕಿಯ ಹಿಂದೆ ಸುಮ್ಮನೆ ನಿಂತಿರುವ ರೀತಿ.
ನನಗೆ ಇದೆಲ್ಲ ಯಾಕೆ ಗೊತ್ತಿರಬೇಕು?

ಎಲ್ಲರೂ ಇವನಂತಲ್ಲ.
ಹೋದ ವರ್ಷ ನಾನೇ ಒಬ್ಬನನ್ನು ಹಿಡಿದುಕೊಟ್ಟೆ.
ಹನ್ನೆರಡು ಮನೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ
ಕಣ್ಣು ಕೊಡಿಸಿ, ಅರ್ಧ ಅಕ್ಕಿ ತಾನು ಹೊಡೆಯುತ್ತಿದ್ದ.
ಆ ದಿನ ಈ ಯಂತ್ರಕ್ಕೆ ಕೈಮುಗಿಯಬೇಕು ಅನ್ನಿಸಿತ್ತು.
ಪರದೆಯ ಮೇಲೆ ಅವನದೂ ಕೆಂಪು, ಇವನದೂ ಕೆಂಪು.
ಒಂದೇ ಕೆಂಪು.

ನನ್ನಜ್ಜಿ, ನಾಡು ಕಳೆದುಕೊಂಡು ಈ ಊರಿಗೆ ಬಂದವಳು,
ಸತ್ತ ತಮ್ಮನ ಪಡಿತರ ಚೀಟಿಯಲ್ಲಿ ಏಳು ವರ್ಷ ಹಿಟ್ಟು ತಂದಳು.
ಆ ಹಿಟ್ಟು ತಿಂದು ಬೆಳೆದವನು ನನ್ನಪ್ಪ.
ಚೀಟಿಗೆ ಕಣ್ಣಿರಲಿಲ್ಲ.
ಗುಮಾಸ್ತನಿಗಿತ್ತು. ಅವನಿಗೆ ಎಲ್ಲ ಗೊತ್ತಿತ್ತು, ಅನ್ನುತ್ತಿದ್ದಳು,
ಮೊಹರು ಒತ್ತುವಾಗ
ಕಿಟಕಿಯ ಕಡೆ ನೋಡುತ್ತಿದ್ದ.

ಈ ಪೆಟ್ಟಿಗೆಗೆ ಏನೆಲ್ಲ ಕಲಿಸಿದ್ದಾರೆ.
ಕಿಟಕಿಯ ಕಡೆ ನೋಡುವುದನ್ನು ಕಲಿಸಿಲ್ಲ.

ಕಾರಣ, ಅನ್ನುತ್ತದೆ ಕೊನೆಯ ಖಾನೆ.
ಆರು ಉತ್ತರ, ಒಂದನ್ನು ಆರಿಸಬೇಕು. ಕರುಣೆ ಅದರಲ್ಲಿಲ್ಲ.
'ಯಂತ್ರದ ದೋಷ' ಒತ್ತಿದೆ.
ಸುಳ್ಳು ಬರೆದೆ ಅಂತ ಅನ್ನಿಸಲಿಲ್ಲ.

ಕೆಂಪು ಹಸಿರಾಯಿತು. ಅದರ ಪಕ್ಕದಲ್ಲೇ
ಸಣ್ಣ ಅಕ್ಷರದಲ್ಲಿ ಮೂಡಿತು ಇನ್ನೊಂದು:
ನನ್ನ ಅಂಕಿ. ಈ ಕಡತ
ಹನ್ನೊಂದು ನಿಮಿಷ ತೆರೆದಿತ್ತು. ಸರಾಸರಿ: ಅರ್ಧ ನಿಮಿಷ.

ಯಾವ ಮಹಡಿಯಲ್ಲಿ, ಯಾರ ಮುಂದೆ
ಕೆಂಪಾಗುತ್ತದೋ ಆ ಸಾಲು.
ಅವರ ಕೋಣೆಗೆ ಕಿಟಕಿ ಇದೆಯೋ.
ಭಾನುವಾರ ಕಚೇರಿ ತೆರೆದ ಮೇಲೆ ಗೊತ್ತಾದೀತು.

ಕೆಳಗೆ ಲಾರಿ ಮತ್ತೆ ಬಂತು.
ಮನೆಯಲ್ಲಿ ಸಿಲಿಂಡರು ಖಾಲಿಯಾದದ್ದು
ಆಗ ನೆನಪಾಯಿತು.